ಗೋಡೆಯ ಬಣ್ಣವೋ, ಕಪಾಟಿನ ಹಲಗೆಯೋ: ಹಸಿರು ಪ್ರಮಾಣಪತ್ರದ ಮನೆಗೆ ಸಾಮಗ್ರಿ ಆರಿಸುವಾಗ

ಹೋದ ವರ್ಷ ದಸರಾ ರಜೆ ಮುಗಿಸಿ ಅಕ್ಕನ ಸಂಸಾರ ಊರಿನಿಂದ ಬೆಂಗಳೂರಿಗೆ ಮರಳಿದ ರಾತ್ರಿ ನಾನೂ ಅವರ ಜೊತೆಗಿದ್ದೆ. ಹೊಸ ಫ್ಲ್ಯಾಟ್, ಒಂಬತ್ತು ದಿನ ಬೀಗ ಹಾಕಿದ್ದರು. ಮಲಗುವ ಕೋಣೆಯ ಬಾಗಿಲು ತೆಗೆದದ್ದೇ ತಡ, ಕಣ್ಣು ಉರಿಯತೊಡಗಿತು. ಅಕ್ಕನ ಮಗಳು ಮೂಗು ಮುಚ್ಚಿಕೊಂಡು ಹೊರಗೆ ಓಡಿದಳು. "ಇನ್ನೂ ಬಣ್ಣದ ವಾಸನೆ ಹೋಗಿಲ್ಲ ನೋಡು" ಎಂದರು ಭಾವ. ಆದರೆ ಗೋಡೆಗೆ ಬಳಿದಿದ್ದದ್ದು ಕಡಿಮೆ ವಿಒಸಿಯ, ಅಂದರೆ ಗಾಳಿಗೆ ರಾಸಾಯನಿಕ ಕಡಿಮೆ ಬಿಡುವ ಬಣ್ಣ. ಕಟ್ಟಡ ಪರಿಸರಸ್ನೇಹಿ ಎಂದು ಸಾರುವ ಹಸಿರು ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಲಿಫ್ಟ್ ಪಕ್ಕದಲ್ಲೇ ತೂಗುಹಾಕಿದ್ದರು. ಗೋಡೆಗೆ ಮೂಗು ಒಡ್ಡಿ ನೋಡಿದೆ, ಏನೂ ಇಲ್ಲ. ಆಮೇಲೆ ಕಪಾಟಿನ ಕೆಳಗಿನ ಡ್ರಾಯರ್ ಎಳೆದೆ. ಘಾಟು ಮುಖಕ್ಕೆ ರಾಚಿತು. ಡ್ರಾಯರನ್ನು ಹೊರಗೆ ತೆಗೆದು ಬೋರಲು ಹಾಕಿದರೆ, ಅಡಿಭಾಗಕ್ಕೆ ಲ್ಯಾಮಿನೇಟ್ ಇಲ್ಲ, ಬಣ್ಣವೂ ಇಲ್ಲ. ಕೊಯ್ದ ಪ್ಲೈವುಡ್ಡಿನ ಅಂಚು ಬೋಳಾಗಿಯೇ ಉಳಿದಿತ್ತು.

ಆ ಕಪಾಟನ್ನು ಮಾಡಿಸಿದ್ದು ಮನೆಯ ಕೀಲಿ ಕೈಗೆ ಬಂದ ಮೇಲೆ. ಕಟ್ಟಡದ ಪ್ರಮಾಣಪತ್ರಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಹಸಿರು ಕಟ್ಟಡಗಳ ಕಡತ ಸಿದ್ಧಪಡಿಸುವುದು ನನ್ನ ದಿನನಿತ್ಯದ ಕೆಲಸ. ಹಾಗಿದ್ದೂ ನನ್ನ ಮನೆಯವರಿಗೇ ಈ ಮಾತನ್ನು ಮೊದಲು ಹೇಳಿರಲಿಲ್ಲ ಎಂಬ ನೋವು ಇನ್ನೂ ಇದೆ. ಮನೆ ಕೊಳ್ಳುವವರಿಗೆ, ಕಟ್ಟಿಸುವವರಿಗೆ ಇಲ್ಲಿ ಅದನ್ನೇ ಹೇಳುತ್ತಿದ್ದೇನೆ: ಹಣ ಮೊದಲು ಹಲಗೆಗೆ ಹೋಗಲಿ, ಆಮೇಲೆ ಪಾಲಿಶ್‌ಗೆ, ಕೊನೆಗೆ ಗೋಡೆಯ ಬಣ್ಣಕ್ಕೆ. ಜನ ಸಾಮಾನ್ಯವಾಗಿ ಮಾಡುವುದು ಇದಕ್ಕೆ ಸರಿಯಾಗಿ ತಿರುಗುಮುರುಗು.

ಡಬ್ಬಿಯಲ್ಲಿರುವುದು ಬೇರೆ, ಗಾಳಿಗೆ ಬರುವುದು ಬೇರೆ

ವಿಒಸಿ ಎಂದರೆ ಸಾಧಾರಣ ಉಷ್ಣತೆಯಲ್ಲೇ ಆವಿಯಾಗಿ ಗಾಳಿಗೆ ಸೇರುವ ಸಾವಯವ ರಾಸಾಯನಿಕಗಳು. ಇವನ್ನು ಅಳೆಯಲು ಎರಡು ದಾರಿಗಳಿವೆ. ಮೊದಲನೆಯದು ಡಬ್ಬಿಯೊಳಗೆ ಎಷ್ಟಿದೆ ಎಂಬುದು. ಇದನ್ನು ಲೀಟರಿಗೆ ಇಷ್ಟು ಗ್ರಾಂ ಎಂದು ಹೇಳುತ್ತಾರೆ. ಎರಡನೆಯದು, ಬಳಿದ ಅಥವಾ ಜೋಡಿಸಿದ ಮೇಲೆ ಆ ವಸ್ತುವಿನಿಂದ ಗಾಳಿಗೆ ಎಷ್ಟು ಬರುತ್ತದೆ ಎಂಬುದು. ಮುಚ್ಚಿದ ಪರೀಕ್ಷಾ ಪೆಟ್ಟಿಗೆಯಲ್ಲಿ ಮಾದರಿಯನ್ನು ಇಟ್ಟು, ಗಾಳಿಯ ಪ್ರತಿ ಘನಮೀಟರಿನಲ್ಲಿ ಎಷ್ಟು ಮೈಕ್ರೋಗ್ರಾಂ ಎಂದು ಇದನ್ನು ಅಳೆಯುತ್ತಾರೆ. ಬಣ್ಣ, ಅಂಟು, ಪಾಲಿಶ್‌ನಂಥ ಹಸಿ ಸಾಮಗ್ರಿಗೆ ಮೊದಲ ಲೆಕ್ಕ ಒಂದಷ್ಟು ಉಪಯೋಗಕ್ಕೆ ಬರುತ್ತದೆ. ಹಲಗೆಗೆ ಅದು ಅನ್ವಯಿಸುವುದೇ ಇಲ್ಲ. ಪ್ಲೈವುಡ್ ಶೀಟಿನಲ್ಲಿ ಲೀಟರ್ ಎಲ್ಲಿಂದ ಬರಬೇಕು?

ವಾಸನೆಯನ್ನೂ ಅಳತೆಗೋಲು ಮಾಡಿಕೊಳ್ಳಬೇಡಿ. ಕಡಿಮೆ ವಿಒಸಿಯ ಬಣ್ಣಕ್ಕೂ ಮೊದಲ ದಿನಗಳಲ್ಲಿ ವಾಸನೆ ಇರುತ್ತದೆ. ಹಲಗೆಯ ಅಂಟಿನಿಂದ ಹೊರಬರುವ ಫಾರ್ಮಾಲ್ಡಿಹೈಡ್ ಎಂಬ ಅನಿಲ ಮೂಗಿಗೆ ಗೊತ್ತಾಗದಷ್ಟು ಪ್ರಮಾಣದಲ್ಲಿ ಕೋಣೆಯಲ್ಲಿ ವರ್ಷಗಟ್ಟಲೆ ಉಳಿಯಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಫಾರ್ಮಾಲ್ಡಿಹೈಡನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಮನೆಯೊಳಗಿನ ಗಾಳಿಯಲ್ಲಿ ಯಾವುದೇ ಅರ್ಧ ಗಂಟೆಯ ಸರಾಸರಿ ಘನಮೀಟರಿಗೆ 0.1 ಮಿಲಿಗ್ರಾಂ ದಾಟಬಾರದು ಎಂಬುದು ಅದೇ ಸಂಸ್ಥೆ 2010ರಲ್ಲಿ ಕೊಟ್ಟ ಮಾರ್ಗಸೂಚಿ. ಈ ಸಂಖ್ಯೆ ಮುಂದೆ ಮತ್ತೆ ಬರುತ್ತದೆ.

ಯಾವ ಪ್ರಮಾಣಪತ್ರ ಏನನ್ನು ನೋಡುತ್ತದೆ

ನಮ್ಮಲ್ಲಿ ವಸತಿ ಕಟ್ಟಡಗಳಿಗೆ ಹೆಚ್ಚಾಗಿ ಕಾಣುವ ಹೆಸರುಗಳು ನಾಲ್ಕು: ಐಜಿಬಿಸಿ, ಗೃಹ, ಲೀಡ್, ಎಡ್ಜ್. ನಾಲ್ಕೂ ಹಸಿರೇ, ಆದರೆ ನಾಲ್ಕೂ ಒಂದೇ ವಿಷಯವನ್ನು ನೋಡುವುದಿಲ್ಲ.

ವಿಶ್ವಬ್ಯಾಂಕ್ ಸಮೂಹದ ಐಎಫ್‌ಸಿ ರೂಪಿಸಿದ ಎಡ್ಜ್ ಮೂರು ಉಳಿತಾಯಗಳನ್ನು ಲೆಕ್ಕ ಹಾಕುತ್ತದೆ: ವಿದ್ಯುತ್, ನೀರು, ಮತ್ತು ಸಾಮಗ್ರಿ ತಯಾರಿಕೆಗೆ ಖರ್ಚಾದ ಶಕ್ತಿ ಅಥವಾ ಅದರಿಂದ ಹೊರಬಿದ್ದ ಇಂಗಾಲ. ಮೂರರಲ್ಲೂ ತಲಾ 20% ಉಳಿಸಿ ತೋರಿಸಿದರೆ ಪ್ರಮಾಣಪತ್ರ ಸಿಗುತ್ತದೆ. ಬಣ್ಣದಿಂದಲೋ ಹಲಗೆಯಿಂದಲೋ ಏನು ಹೊರಬರುತ್ತದೆ ಎಂಬುದು ಅದರ ವ್ಯಾಪ್ತಿಯಲ್ಲಿಲ್ಲ. ಎಡ್ಜ್ ಕೆಟ್ಟದ್ದು ಎಂದಲ್ಲ, ವಿದ್ಯುತ್ ಬಿಲ್ಲಿಗೆ ಅದು ಒಳ್ಳೆಯದೇ. ಆದರೆ ಉಬ್ಬಸದ ಮಗುವಿಗಾಗಿ ಮನೆ ಹುಡುಕುತ್ತಿರುವವರು ಅದೊಂದನ್ನೇ ನಂಬಿಕೊಳ್ಳಬಾರದು.

ಐಜಿಬಿಸಿ, ಅಂದರೆ ಭಾರತೀಯ ಹಸಿರು ಕಟ್ಟಡ ಮಂಡಳಿ, 2001ರಲ್ಲಿ ಭಾರತೀಯ ಕೈಗಾರಿಕಾ ಒಕ್ಕೂಟದ ಅಡಿಯಲ್ಲಿ ಶುರುವಾಯಿತು. ಬೆಂಗಳೂರಿನ ಅಪಾರ್ಟ್‌ಮೆಂಟ್ ಜಾಹೀರಾತುಗಳಲ್ಲಿ ಈ ಹೆಸರು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಅದರ ಹಸಿರು ಮನೆಗಳ ಶ್ರೇಣಿಯಲ್ಲಿ ಕಡಿಮೆ ವಿಒಸಿ ಸಾಮಗ್ರಿ ಬಳಸಿದರೆ ಅಂಕ ಸಿಗುತ್ತದೆ. ಗಮನಿಸಿ, ಅದು ಅಂಕವೇ ಹೊರತು ಕಡ್ಡಾಯವಲ್ಲ. ಬೇರೆ ಕಡೆ ಅಂಕ ಗಳಿಸಿ, ಇದನ್ನು ಕೈಬಿಟ್ಟು ಬೆಳ್ಳಿ ದರ್ಜೆಯನ್ನೋ ಚಿನ್ನದ ದರ್ಜೆಯನ್ನೋ ಪಡೆಯಲು ಸಾಧ್ಯ. ಅಮೆರಿಕದ ಹಸಿರು ಕಟ್ಟಡ ಮಂಡಳಿ ರೂಪಿಸಿದ ಲೀಡ್‌ನಲ್ಲಿಯೂ ಇದು ಐಚ್ಛಿಕ ಅಂಕವೇ. ವ್ಯತ್ಯಾಸ ಇರುವುದು ಆಳದಲ್ಲಿ. ಲೀಡ್‌ನ 4.1ನೇ ಆವೃತ್ತಿ ಬಣ್ಣ ಮತ್ತು ಅಂಟುಗಳಿಗೆ ಡಬ್ಬಿಯ ಲೆಕ್ಕ, ಪೆಟ್ಟಿಗೆಯ ಪರೀಕ್ಷೆ ಎರಡನ್ನೂ ಕೇಳುತ್ತದೆ. ನೆಲ, ಗೋಡೆ, ಚಾವಣಿ, ಹಲಗೆ, ಪೀಠೋಪಕರಣಗಳನ್ನು ಬೇರೆ ಬೇರೆ ವಿಭಾಗಗಳಾಗಿ ನೋಡುತ್ತದೆ. ಕಡತ ತಯಾರಿಸುವವರಿಗೆ ಇದು ತಲೆನೋವು, ವಾಸ ಮಾಡುವವರಿಗೆ ಲಾಭ. ಇಂಧನ ಮತ್ತು ಸಂಪನ್ಮೂಲ ಸಂಶೋಧನೆಯ ಟೆರಿ ಸಂಸ್ಥೆ ಮತ್ತು ಕೇಂದ್ರ ನವೀಕರಿಸಬಹುದಾದ ಇಂಧನ ಸಚಿವಾಲಯ ಸೇರಿ ತಂದ ಗೃಹ ಶ್ರೇಣಿಯೂ ಒಳಾಂಗಣದ ಬಣ್ಣ, ಅಂಟುಗಳ ವಿಒಸಿಯನ್ನು ನೋಡುತ್ತದೆ. ಸ್ವಂತ ನಿವೇಶನದಲ್ಲಿ ಚಿಕ್ಕ ಮನೆ ಕಟ್ಟುವವರಿಗೆ ಅದರದ್ದೇ ಸ್ವಗೃಹ ಎಂಬ ಹಗುರವಾದ ರೂಪವಿದೆ. ನಿವೇಶನದ ಮನೆಗೆ ನನ್ನ ಒಲವು ಅದರ ಕಡೆಗೇ.

ಆದ್ದರಿಂದ ಬಿಲ್ಡರ್ ಕಚೇರಿಗೆ ಹೋದಾಗ "ಯಾವ ದರ್ಜೆ ಬಂದಿದೆ" ಎಂದು ಕೇಳಿ ಸುಮ್ಮನಾಗಬೇಡಿ. "ಅಂಕಪಟ್ಟಿ ತೋರಿಸಿ, ಕಡಿಮೆ ವಿಒಸಿಯ ಅಂಕವನ್ನು ತೆಗೆದುಕೊಂಡಿದ್ದೀರಾ" ಎಂದು ಕೇಳಿ. ಕರಪತ್ರದಲ್ಲಿ ಪೂರ್ವ ಪ್ರಮಾಣೀಕರಣ ಎಂದಿದ್ದರೆ ಇನ್ನಷ್ಟು ಎಚ್ಚರ ಬೇಕು. ಅದು ನಕ್ಷೆ ಮತ್ತು ಉದ್ದೇಶಗಳನ್ನು ನೋಡಿ ಕೊಟ್ಟದ್ದು. ಬಣ್ಣದ ಡಬ್ಬಿ ಆಗಿನ್ನೂ ಅಂಗಡಿಯಲ್ಲೇ ಇರುತ್ತದೆ.

ಬಣ್ಣ: ಗೋಡೆಗಿಂತ ಬಾಗಿಲು ಭಾರ

ಒಳಗೋಡೆಗೆ ಬಳಿಯುವ ಹೊಳಪಿಲ್ಲದ ಬಣ್ಣಕ್ಕೆ ಅಂಗೀಕೃತ ಮಿತಿ ಲೀಟರಿಗೆ 50 ಗ್ರಾಂ. ಹೊಳಪಿನ ಬಣ್ಣಕ್ಕೆ ಹಳೆಯ ಪಟ್ಟಿಗಳಲ್ಲಿ 150 ಗ್ರಾಂವರೆಗೆ ಅವಕಾಶವಿತ್ತು, ಲೀಡ್ ಅನುಸರಿಸುವ ಕ್ಯಾಲಿಫೋರ್ನಿಯಾದ ನಿಯಮದಲ್ಲಿ ಅದಕ್ಕೂ 50 ಗ್ರಾಂ. ಶೂನ್ಯ ವಿಒಸಿ ಎಂದು ಮಾರುವ ಬಣ್ಣದಲ್ಲಿ ಸಾಮಾನ್ಯವಾಗಿ 5 ಗ್ರಾಂಗಿಂತ ಕಡಿಮೆ ಇರುತ್ತದೆ.

ಈಗ ಒಂದು ಕೋಣೆಯ ಲೆಕ್ಕ ಮಾಡೋಣ. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಕೋಣೆ. ನಾಲ್ಕು ಗೋಡೆ ಸೇರಿ 440 ಚದರ ಅಡಿ. ಎರಡು ಕೈ ಬಳಿಯಲು ಸುಮಾರು ಮೂರೂವರೆ ಲೀಟರ್ ಎಮಲ್ಷನ್ ಸಾಕು. ಲೀಟರಿಗೆ 50 ಗ್ರಾಂ ಎಂದರೂ ಒಟ್ಟು 175 ಗ್ರಾಂ ದಾಟುವುದಿಲ್ಲ. ಅದೇ ಕೋಣೆಯ ಬಾಗಿಲು ಚೌಕಟ್ಟಿಗೆ, ಕಿಟಕಿ ಸರಳುಗಳಿಗೆ ಹಳೆಯ ಬಗೆಯ ಎಣ್ಣೆ ಇನಾಮೆಲ್ ಬಳಿದರೆ ಅದೊಂದು ಲೀಟರಿನಲ್ಲೇ 300 ಗ್ರಾಂಗಿಂತ ಹೆಚ್ಚು ಇರಬಹುದು. ಬಣ್ಣದವರು ಕುಂಚ ಸರಾಗವಾಗಿ ಓಡಲೆಂದು ಟರ್ಪೆಂಟೈನ್ ಬೆರೆಸಿದರೆ ಅದರ ಲೆಕ್ಕ ಬೇರೆ. ಹಾಗಾಗಿ ಗೋಡೆಗೆ 50 ಗ್ರಾಂನ ಸಾಧಾರಣ ಎಮಲ್ಷನ್ ಸಾಕು, ಶೂನ್ಯ ವಿಒಸಿಗೆ ಕೊಡುವ ಹೆಚ್ಚುವರಿ ದುಡ್ಡನ್ನು ಉಳಿಸಿ ಬಾಗಿಲು ಕಿಟಕಿಗಳಿಗೆ ನೀರಿನಲ್ಲಿ ಕಲಸುವ ಇನಾಮೆಲ್ ಕೊಳ್ಳಿ. ಎರಡರಲ್ಲಿ ಒಂದೇ ಸಾಧ್ಯ ಎಂದಾದರೆ ನಾನು ಎರಡನೆಯದನ್ನೇ ಆರಿಸುತ್ತೇನೆ.

ಇನ್ನೊಂದು ಸೂಕ್ಷ್ಮವನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಡಬ್ಬಿಯ ಮೇಲಿನ ಸಂಖ್ಯೆ ಬಿಳಿಯ ಮೂಲ ಬಣ್ಣದ್ದು. ಯಂತ್ರದಲ್ಲಿ ಸೇರಿಸುವ ವರ್ಣದ್ರವದಲ್ಲೂ ವಿಒಸಿ ಇರಬಹುದು. ಕಡು ಕೆಂಪು, ಕಡು ನೀಲಿಗೆ ಅದು ಹೆಚ್ಚು ಬೇಕು. ಮಗುವಿನ ಕೋಣೆಗೆ ತೆಳು ಬಣ್ಣ ಆರಿಸಲು ಇದೂ ಒಂದು ಕಾರಣ. ಸೀಸ ಮಾತ್ರ ಬೇರೆಯೇ ವಿಷಯ, ಅದು ಆವಿಯಾಗುವುದಿಲ್ಲ. 2017ರ ನವೆಂಬರ್‌ನಿಂದ ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ದಾಟಬಾರದು ಎಂಬ ನಿಯಮ ಜಾರಿಯಲ್ಲಿದೆ. ಸೀಸವಿಲ್ಲ ಎಂದು ಬರೆದಿದ್ದರೆ ವಿಒಸಿಯೂ ಇಲ್ಲ ಎಂದುಕೊಳ್ಳಬೇಡಿ.

ಸುಣ್ಣವನ್ನು ಮರೆಯಬಾರದು. ನೀರು ಮತ್ತು ಸುಣ್ಣದ ತಿಳಿಯಲ್ಲಿ ಆವಿಯಾಗುವ ರಾಸಾಯನಿಕವೇ ಇಲ್ಲ. ಗೋಡೆಯ ತೇವವನ್ನು ಒಳಗೆ ಕಟ್ಟಿಹಾಕುವುದಿಲ್ಲ. ಕ್ಷಾರ ಗುಣದಿಂದಾಗಿ ಬೂಷ್ಟು ಬೇಗ ಹಿಡಿಯುವುದಿಲ್ಲ, ಮಲೆನಾಡಿನ ಮನೆಗಳಿಗೆ ಇದು ದೊಡ್ಡ ವರ. ಒರಗಿದರೆ ಬಟ್ಟೆಗೆ ಅಂಟುತ್ತದೆ, ಒಂದೆರಡು ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕು. ಉಗ್ರಾಣಕ್ಕೆ, ಚಾವಣಿಗೆ, ದೇವರ ಮನೆಗೆ ಇಂದಿಗೂ ಅದಕ್ಕಿಂತ ನಿರಪಾಯಕಾರಿಯಾದುದನ್ನು ನಾನು ಕಂಡಿಲ್ಲ.

ಹಲಗೆ: ಇಲ್ಲಿಯೇ ಕೂತು ಯೋಚಿಸಿ

ಅದೇ ಕೋಣೆಯಲ್ಲಿ 6 ಅಡಿ ಅಗಲ, 7 ಅಡಿ ಎತ್ತರ, 2 ಅಡಿ ಆಳದ ಒಂದು ಕಪಾಟು ಇಡೋಣ. ಬಾಗಿಲುಗಳ ಎರಡೂ ಮುಖ, ಬದಿ ಹಲಗೆಗಳು, ನಡುವಿನ ತಡೆ, ಎಂಟು ತಟ್ಟು, ಬೆನ್ನು, ಮೇಲು, ಕೆಳಗು ಎಲ್ಲವನ್ನೂ ಕೂಡಿಸಿದರೆ ಹಲಗೆಯ ಮೈ ಸುಮಾರು 350 ಚದರ ಅಡಿ. ಹೆಚ್ಚುಕಡಿಮೆ ಗೋಡೆಗಳಷ್ಟೇ! ಗೋಡೆಯ ಬಣ್ಣ ಕೆಲವು ವಾರಗಳಲ್ಲಿ ಬಹುತೇಕ ಒಣಗಿ ಸುಮ್ಮನಾಗುತ್ತದೆ. ಹಲಗೆಯ ಅಂಟು ವರ್ಷಗಟ್ಟಲೆ ಫಾರ್ಮಾಲ್ಡಿಹೈಡ್ ಬಿಡುತ್ತಲೇ ಇರುತ್ತದೆ.

ಮೀಟರಿಗೆ ಬದಲಾಯಿಸಿ ನೋಡಿ: ಹಲಗೆ ಸುಮಾರು 33 ಚದರ ಮೀಟರ್, ಕೋಣೆ ಸುಮಾರು 34 ಘನಮೀಟರ್. ಒಂದಕ್ಕೆ ಒಂದು. ಯುರೋಪಿನಲ್ಲಿ ಹಲಗೆಗಳಿಗೆ ಕೊಡುವ ಇ-1 ದರ್ಜೆಯ ಪರೀಕ್ಷೆಯಲ್ಲೂ ಪೆಟ್ಟಿಗೆಯೊಳಗೆ ಒಂದು ಘನಮೀಟರಿಗೆ ಒಂದು ಚದರ ಮೀಟರ್ ಹಲಗೆಯನ್ನೇ ಇಡುತ್ತಾರೆ. ಆ ಪರೀಕ್ಷೆಯಲ್ಲಿ ತೇರ್ಗಡೆಯ ಮಿತಿ ಘನಮೀಟರಿಗೆ 0.124 ಮಿಲಿಗ್ರಾಂ. ಮೇಲೆ ಹೇಳಿದ ಮಾರ್ಗಸೂಚಿ 0.1. ಅಂದರೆ ಇ-1ರ ಮಿತಿಯ ಅಂಚಿನಲ್ಲಿ ತೇರ್ಗಡೆಯಾದ ಹಲಗೆಯನ್ನು ಬೋಳಾಗಿಯೇ ಬಿಟ್ಟರೆ, ಒಂದೇ ಒಂದು ಕಪಾಟು ಕೋಣೆಯ ಗಾಳಿಯನ್ನು ಮಾರ್ಗಸೂಚಿ ದಾಟಿಸಬಹುದು. ಅದೂ 23 ಡಿಗ್ರಿ ಉಷ್ಣತೆ, 45% ತೇವಾಂಶ, ಗಂಟೆಗೊಮ್ಮೆ ಗಾಳಿ ಬದಲಾಗುವ ಸ್ಥಿತಿಯಲ್ಲಿ. ಆಷಾಢದ ಮಂಗಳೂರಿನಲ್ಲಿ ಕಿಟಕಿ ಮುಚ್ಚಿದ ಕೋಣೆಯನ್ನು ನೆನೆಸಿಕೊಳ್ಳಿ. ಸೆಕೆ, ತೇವ ಎರಡೂ ಏರಿದಂತೆ ಹೊರಬೀಳುವ ಪ್ರಮಾಣವೂ ಏರುತ್ತದೆ. ಯುರೋಪ್ ಒಕ್ಕೂಟವೇ 2023ರಲ್ಲಿ ನಿಯಮ ಬಿಗಿಗೊಳಿಸಿ, ಪೀಠೋಪಕರಣ ಮತ್ತು ಮರದ ವಸ್ತುಗಳಿಗೆ 2026ರ ಆಗಸ್ಟ್‌ನಿಂದ 0.062 ಮಿಲಿಗ್ರಾಂ ಮಿತಿಯನ್ನು ಗೊತ್ತುಮಾಡಿತು.

ಹಾಗಾದರೆ ಅಂಗಡಿಯಲ್ಲಿ ಏನನ್ನು ಆರಿಸುವುದು? ಕಮರ್ಷಿಯಲ್ ಪ್ಲೈ ಎಂದು ಕರೆಯುವ, ತಕ್ಕಮಟ್ಟಿಗೆ ಮಾತ್ರ ತೇವ ತಡೆಯುವ ಎಂಆರ್ ದರ್ಜೆಯಲ್ಲಿ ಸಾಮಾನ್ಯವಾಗಿ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ಇರುತ್ತದೆ. ಈ ಅಂಟಿನ ಬಂಧ ನೀರಿನ ಅಂಶ ತಗುಲಿದರೆ ಬಿಡಿಸಿಕೊಳ್ಳುತ್ತದೆ, ಬಿಡಿಸಿಕೊಂಡಾಗ ಹೊರಬರುವುದೇ ಫಾರ್ಮಾಲ್ಡಿಹೈಡ್. ಭಾರತೀಯ ಮಾನಕದ ಐಎಸ್ 710 ಗುರುತಿನ ಮರೀನ್ ಪ್ಲೈನಲ್ಲಿರುವುದು ಫೀನಾಲ್ ಫಾರ್ಮಾಲ್ಡಿಹೈಡ್ ಅಂಟು. ಹೆಸರಿನಲ್ಲಿ ಫಾರ್ಮಾಲ್ಡಿಹೈಡ್ ಇದ್ದರೂ ಅದರ ಬಂಧ ಗಟ್ಟಿ, ನೀರಿಗೆ ಬಗ್ಗುವುದಿಲ್ಲ, ಹೊರಬಿಡುವುದೂ ಬಹಳ ಕಡಿಮೆ. ನೀರನ್ನು ತಡೆಯುವ ಗುಣವೇ ಗಾಳಿಯನ್ನೂ ಕಾಯುತ್ತದೆ. ಕೊಯ್ದ ಅಂಚನ್ನು ಬೆಳಕಿಗೆ ಹಿಡಿದರೆ ಫೀನಾಲ್ ಅಂಟಿನ ಗೆರೆ ಕಡು ಕಂದು, ಯೂರಿಯಾ ಅಂಟಿನ ಗೆರೆ ತೆಳು. ಬಣ್ಣ ಬೆರೆಸಿ ಮೋಸ ಮಾಡುವವರೂ ಇರುವುದರಿಂದ ಗೆರೆಯನ್ನು ನೋಡಿ, ಪರೀಕ್ಷಾ ವರದಿಯನ್ನೂ ಕೇಳಿ. ಮರೀನ್ ಪ್ಲೈಗೆ ಬೆಲೆ ಹೆಚ್ಚು, ನಿಜ. ಕರಾವಳಿಯಲ್ಲಿ ಮಾತ್ರ ಎರಡನೇ ಯೋಚನೆಯೇ ಬೇಡ, ಅಲ್ಲಿ ಎಂಆರ್ ಹಲಗೆ ಹೇಗಿದ್ದರೂ ಬಾಳುವುದಿಲ್ಲ.

ಮರದ ಚೂರು ಒತ್ತಿ ಮಾಡಿದ ಕಣಹಲಗೆ, ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಎರಡರಲ್ಲೂ ಅಂಟಿನ ಪಾಲು ಪ್ಲೈಗಿಂತ ಹೆಚ್ಚು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ವಾಯು ಮಂಡಳಿಯಾದ ಕಾರ್ಬ್‌ನ ಎರಡನೇ ಹಂತದ ನಿಯಮದಲ್ಲಿ ಪ್ಲೈವುಡ್‌ಗೆ 0.05, ಕಣಹಲಗೆಗೆ 0.09, ಎಂಡಿಎಫ್‌ಗೆ 0.11 ಪಿಪಿಎಂ ಮಿತಿ ಇಟ್ಟಿರುವುದೇ ಇದನ್ನು ಹೇಳುತ್ತದೆ. ಇವನ್ನೇ ಬಳಸಲೇಬೇಕಾದರೆ ಕಾರ್ಬ್ ಗುರುತು ಅಥವಾ ಜಪಾನಿನ ನಾಲ್ಕು ನಕ್ಷತ್ರದ ಗುರುತು ಇರುವುದನ್ನು ಕೊಳ್ಳಿ. ಇ-ಝೀರೋ ಎಂಬ ಮಾತನ್ನು ಅಂಗಡಿಯವರು ಧಾರಾಳವಾಗಿ ಆಡುತ್ತಾರೆ. ಯುರೋಪಿನ ಮಾನದಂಡದಲ್ಲಿ ಇ-1, ಇ-2 ಮಾತ್ರ ಇವೆ, ಇ-ಝೀರೋ ಎಂಬ ದರ್ಜೆ ಇಲ್ಲ. ಹಾಗೆಂದ ಕೂಡಲೇ "ಎಷ್ಟು ಮಿಲಿಗ್ರಾಂ ಬಂದಿದೆ, ಯಾವ ಪರೀಕ್ಷೆಯಲ್ಲಿ" ಎಂದು ಕೇಳಿ. ವರದಿಯ ಪ್ರತಿ ಕೊಟ್ಟರೆ ಕೊಳ್ಳಿ, ಇಲ್ಲದಿದ್ದರೆ ಮುಂದಿನ ಅಂಗಡಿ ನೋಡಿ.

ಹಲಗೆಯನ್ನೇ ಕಡಿಮೆ ಮಾಡುವುದು ಎಲ್ಲಕ್ಕಿಂತ ಒಳ್ಳೆಯ ಉಪಾಯ. ನಮ್ಮ ಅಡುಗೆಮನೆಗಳಲ್ಲಿ ಕಡಪಾ ಕಲ್ಲಿನ ತಟ್ಟುಗಳನ್ನು ಗೋಡೆಗೆ ಕೂರಿಸಿ, ಮುಂದೆ ಬಾಗಿಲು ಮಾತ್ರ ಮರದ್ದು ಮಾಡಿಸುವ ಪದ್ಧತಿ ಇತ್ತಲ್ಲ, ಅದರಲ್ಲಿ ಪೆಟ್ಟಿಗೆಯ ಹಲಗೆಯಷ್ಟೂ ಉಳಿಯುತ್ತದೆ. ಒಲೆಯ ಶಾಖ, ಸಿಂಕಿನ ತೇವ ಎರಡಕ್ಕೂ ಕಲ್ಲು ಜಗ್ಗುವುದಿಲ್ಲ. ಸ್ಟೀಲ್ ಅಥವಾ ಪೌಡರ್ ಕೋಟಿಂಗ್ ಮಾಡಿದ ಲೋಹದ ಪೆಟ್ಟಿಗೆಗಳೂ ಹಾಗೆಯೇ. ಗಟ್ಟಿ ಮರಕ್ಕೆ ಅಂಟಿನ ಚಿಂತೆಯಿಲ್ಲ. ಹಲಸೋ ತೇಗವೋ ಊರಿನ ತೋಟದಲ್ಲಿದ್ದರೆ ನೀವೇ ಪುಣ್ಯವಂತರು.

ಅಂಟು, ಪಾಲಿಶ್

ಒಳ್ಳೆಯ ಹಲಗೆ ತಂದು ಕೆಟ್ಟ ಪಾಲಿಶ್ ಹೊಡೆಸಿದರೆ ಮಾಡಿದ ಖರ್ಚೆಲ್ಲ ನೀರಿನಲ್ಲಿ ಹೋಮ. ಬಡಗಿಗಳು ಲ್ಯಾಮಿನೇಟ್ ಅಂಟಿಸಲು ಬಳಸುವ ಬಿಳಿ ಅಂಟು ನೀರಿನದು, ಅದರ ಬಗ್ಗೆ ಹೆಚ್ಚು ಚಿಂತೆ ಬೇಡ. ಬಾಗಿದ ಭಾಗಗಳಿಗೆ, ಅವಸರದ ಕೆಲಸಕ್ಕೆ ಬಳಸುವ ರಬ್ಬರ್ ಅಂಟು ಮಾತ್ರ ದ್ರಾವಕದಿಂದಲೇ ತುಂಬಿರುತ್ತದೆ. ಕ್ಯಾಲಿಫೋರ್ನಿಯಾದ ಪಟ್ಟಿಯಲ್ಲಿ ಮರಕ್ಕೆ ಮರ ಅಂಟಿಸುವುದಕ್ಕೆ ಲೀಟರಿಗೆ 30 ಗ್ರಾಂ, ಟೈಲ್ಸ್ ಅಂಟಿಗೆ 65, ಒತ್ತಿದೊಡನೆ ಹಿಡಿಯುವ ಅಂಟಿಗೆ 80 ಗ್ರಾಂ ಮಿತಿ ಇದೆ. ಕೆಲಸ ಶುರುವಾಗುವ ಮೊದಲೇ "ರಬ್ಬರ್ ಅಂಟು ಬೇಡ, ಒಂದು ದಿನ ಹೆಚ್ಚಾದರೂ ಬಿಳಿ ಅಂಟೇ ಹಾಕಿ" ಎಂದು ಬಡಗಿಯೊಂದಿಗೆ ಕರಾರು ಮಾಡಿಕೊಳ್ಳಿ.

ಪಾಲಿಶ್‌ನಲ್ಲಿ ನಾನು ಖಂಡಿತವಾಗಿ ಬೇಡ ಎನ್ನುವುದು ಮೆಲಮೈನ್. ಅದು ಆಮ್ಲ ಬೆರೆಸಿ ಗಟ್ಟಿಯಾಗಿಸುವ ಪಾಲಿಶ್, ಗಟ್ಟಿಯಾಗುವಾಗಲೂ ಆಮೇಲೂ ಫಾರ್ಮಾಲ್ಡಿಹೈಡ್ ಬಿಡುತ್ತದೆ. ಹಲಗೆಯಲ್ಲಿ ತಪ್ಪಿಸಿಕೊಂಡದ್ದನ್ನು ಪಾಲಿಶ್‌ನಲ್ಲಿ ಮತ್ತೆ ಮನೆಗೆ ಕರೆದಂತೆ. ಸಾಧಾರಣ ಪಿಯು (ಪಾಲಿಯುರಿಥೇನ್) ಪಾಲಿಶ್ ಗಟ್ಟಿಮುಟ್ಟು, ಆದರೆ ಅದಕ್ಕೆ ಥಿನ್ನರ್ ಬೇಕು. ಥಿನ್ನರ್ ಒಂದು ಲೀಟರ್ ಸುರಿದರೆ 800 ಗ್ರಾಂ ಆಸುಪಾಸಿನ ದ್ರಾವಕ ನೇರ ಗಾಳಿಗೆ ಹೋಗುತ್ತದೆ. ಮೇಲೆ ಲೆಕ್ಕ ಹಾಕಿದ ನಾಲ್ಕು ಗೋಡೆಗಳ ನಾಲ್ಕು ಪಟ್ಟಿಗೂ ಹೆಚ್ಚು. ನೀರಿನ ಪಿಯು ತುಸು ದುಬಾರಿ, ಹೊಳಪು ತುಸು ಕಡಿಮೆ. ನನ್ನ ಆಯ್ಕೆ ಅದೇ. ಅರಗಿನ ಫ್ರೆಂಚ್ ಪಾಲಿಶ್ ವಿಶೇಷ ಪ್ರಕರಣ. ಡಬ್ಬಿಯ ಲೆಕ್ಕದಲ್ಲಿ ಅದು ಬಹಳ ಮೇಲಿದೆ, ನಿಯಮದಲ್ಲೇ 730 ಗ್ರಾಂವರೆಗೆ ವಿನಾಯಿತಿ ಕೊಟ್ಟಿದ್ದಾರೆ. ಅದರಲ್ಲಿ ಆವಿಯಾಗುವುದು ಸ್ಪಿರಿಟ್. ಅದು ಬೇಗ ಹಾರಿಹೋಗುತ್ತದೆ, ಉಳಿಯುವುದು ಅರಗು ಮಾತ್ರ. ಸಂಖ್ಯೆಯೊಂದನ್ನೇ ನೋಡಿದರೆ ಕೈಬಿಡಬೇಕಾದ ಈ ಪಾಲಿಶನ್ನು ಹಳೆಯ ಮರದ ಮಂಚಕ್ಕೆ ನಾನು ಧೈರ್ಯವಾಗಿ ಹೊಡೆಸುತ್ತೇನೆ, ವಾರದ ಮಟ್ಟಿಗೆ ಮಂಚವನ್ನು ಅಂಗಳದಲ್ಲಿ ಬಿಟ್ಟು.

ನೆಲದ ಬಗ್ಗೆ ಎರಡೇ ಮಾತು. ಕಲ್ಲು, ಸೆರಾಮಿಕ್, ಸುಟ್ಟ ಮಣ್ಣು, ಕಾಂಕ್ರೀಟ್, ಗಾಜುಗಳನ್ನು ಲೀಡ್ ಸ್ವಭಾವತಃ ಹೊರಸೂಸದ ವಸ್ತುಗಳೆಂದು ಪರೀಕ್ಷೆಯಿಲ್ಲದೆ ಒಪ್ಪುತ್ತದೆ, ಮೇಲೆ ರಾಸಾಯನಿಕ ಲೇಪ ಇರದಿದ್ದರೆ. ಶಹಾಬಾದ್ ಕಲ್ಲು, ಸಾದರಹಳ್ಳಿ ಗ್ರಾನೈಟ್, ಮಂಗಳೂರಿನ ಮಣ್ಣಿನ ಹಾಸು, ಕೆಂಪು ಆಕ್ಸೈಡ್ ನೆಲ ಎಲ್ಲವೂ ಈ ಸಾಲಿಗೇ ಸೇರುತ್ತವೆ. ಮರದಂತೆ ಕಾಣುವ ಲ್ಯಾಮಿನೇಟ್ ನೆಲ ಹಾಕಿಸುವವರು ಅದರೊಳಗಿರುವುದೂ ಒತ್ತಿದ ಹಲಗೆಯೇ ಎಂದು ತಿಳಿದುಕೊಂಡು, ಹಲಗೆಗೆ ಕೇಳಿದ ಪ್ರಶ್ನೆಗಳನ್ನೇ ಕೇಳಬೇಕು.

ಮುಹೂರ್ತಕ್ಕೆ ಮೊದಲು

ಗೃಹಪ್ರವೇಶದ ಹಿಂದಿನ ಸಂಜೆಯವರೆಗೂ ಪಾಲಿಶ್ ನಡೆಯುತ್ತಿರುವ ಮನೆಗಳನ್ನು ಎಷ್ಟೋ ಕಂಡಿದ್ದೇನೆ. ಮರುದಿನ ಬೆಳಗ್ಗೆ ಅದೇ ಕೋಣೆಯಲ್ಲಿ ಬಾಣಂತಿಯನ್ನೋ ಹಿರಿಯರನ್ನೋ ಮಲಗಿಸುತ್ತಾರೆ. ಮುಹೂರ್ತ ನೋಡುವಾಗಲೇ ಮರಗೆಲಸ ಮುಗಿಯುವ ದಿನಕ್ಕೂ ಅದಕ್ಕೂ ನಡುವೆ ಮೂರು ವಾರ ಬಿಡಿ. ಆ ಮೂರು ವಾರ ಕಿಟಕಿಗಳಷ್ಟೇ ಅಲ್ಲ, ಕಪಾಟಿನ ಬಾಗಿಲು, ಡ್ರಾಯರುಗಳೆಲ್ಲ ತೆರೆದಿರಲಿ, ಫ್ಯಾನ್ ತಿರುಗಲಿ. ಬೆಂಗಳೂರು, ಮೈಸೂರಿನ ಕಡೆ ಮಾಘ ಫಾಲ್ಗುಣದ ಒಣ ಬಿಸಿಲು ಇದಕ್ಕೆ ಹೇಳಿ ಮಾಡಿಸಿದ್ದು. ಶ್ರಾವಣದಲ್ಲಿ ಮುಗಿಸುವ ಮನೆಗೆ ಇನ್ನಷ್ಟು ದಿನ ಬೇಕು. ಮಗು ಹುಟ್ಟುವ ಮನೆಯಾದರೆ ಆ ಕೋಣೆಗೆ ಹೊಸ ಹಲಗೆಯ ಸಾಮಾನನ್ನೇ ತರಬೇಡಿ, ಅಜ್ಜಿಯ ಹಳೆಯ ಮರದ ಪೆಟ್ಟಿಗೆ ಸಾಕು.

ಅಕ್ಕನ ಮನೆಯ ಕಪಾಟನ್ನು ಕಿತ್ತು ಹಾಕಲಿಲ್ಲ. ಬಡಗಿಯನ್ನು ಮತ್ತೆ ಕರೆಸಿ ಎಲ್ಲ ಡ್ರಾಯರುಗಳ ಅಡಿಭಾಗಕ್ಕೆ, ಕಪಾಟಿನ ಬೆನ್ನಿನ ಒಳಮೈಗೆ ಬಿಳಿ ಅಂಟಿನಲ್ಲಿ ಲ್ಯಾಮಿನೇಟ್ ಅಂಟಿಸಿದೆವು. ಕೊಯ್ದ ಅಂಚುಗಳಿಗೆಲ್ಲ ಅಂಚುಪಟ್ಟಿ ಹಾಕಿಸಿದೆವು, ಹಿಂಜ್ ಕೂರಿಸಲು ಕೊರೆದ ತೂತುಗಳನ್ನೂ ಮುಚ್ಚಿಸಿದೆವು. ಸಂಕ್ರಾಂತಿಗೆ ಹೋದಾಗ ಮತ್ತೆ ಡ್ರಾಯರ್ ಎಳೆದು ನೋಡಿದೆ. ಘಾಟು ಪೂರ್ತಿ ಹೋಗಿರಲಿಲ್ಲ, ಆದರೆ ಕಣ್ಣು ಉರಿಯಲಿಲ್ಲ. ಅಡುಗೆಮನೆಯ ಕೆಲಸ ಇನ್ನೂ ಬಾಕಿ ಇತ್ತು. ಅದಕ್ಕೆ ಕಡಪಾ ಕಲ್ಲಿನ ತಟ್ಟು ಹಾಕಿಸಲು ಭಾವ ತಾವೇ ಅಳತೆ ತೆಗೆದು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದಿಟ್ಟಿದ್ದರು.